ಆರು ಥರದ ಟೀ, ಅತ್ತೆಯ ಚಿಪ್ಪು

ನಮ್ಮ ಅಡುಗೆಕೋಣೆಯಲ್ಲಿ ಒಲೆಯ ಎಡಗಡೆ ಗೋಡೆಗೆ ಒಂದು ಹಲಗೆ ಹೊಡೆದಿತ್ತು. ಅದರ ಮೇಲೆ ಮನೆಮಂದಿಯ ಲೋಟಗಳು. ಅಜ್ಜಿಯದು ಹಿತ್ತಾಳೆಯದು, ಉಜ್ಜಿ ಉಜ್ಜಿ ಅಂಚು ಸವೆದದ್ದು. ಅಪ್ಪನದು ಎಲ್ಲರದಕ್ಕಿಂತ ದೊಡ್ಡದು. ಅವ್ವನದು ಯಾವತ್ತೋ ಬಿದ್ದು ಸೊಟ್ಟಗಾಗಿತ್ತು. ಅದನ್ನು ಸರಿ ಮಾಡಿಸಿ ಎಂದು ಅವಳೂ ಕೇಳಲಿಲ್ಲ, ಮಾಡಿಸೋಣ ಎಂದು ಯಾರಿಗೂ ಹೊಳೆಯಲಿಲ್ಲ. ನನ್ನದು ಗಿಡ್ಡ. ಸಾಲಿನ ಕೊನೆಯಲ್ಲಿ ಮಾದೇವಿ ಅತ್ತೆಯದು. ಅದೂ ಹಿತ್ತಾಳೆಯದೇ, ಹೊಟ್ಟೆಯ ಸುತ್ತ ಒಂದು ಬಳ್ಳಿ ಕೆತ್ತಿದ್ದರು. ಮದುವೆಯಲ್ಲಿ ಕೊಟ್ಟದ್ದು, ಗಂಡನ ಮನೆಯಿಂದ ವಾಪಸ್ಸು ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಒಬ್ಬರ ಲೋಟಕ್ಕೆ ಇನ್ನೊಬ್ಬರು ಬಾಯಿ ಇಡುತ್ತಿರಲಿಲ್ಲ. ಹಲಗೆಯ ಮೇಲೆ ಲೋಟ ಇದ್ದರೆ ನೀನು ಈ ಮನೆಯವಳು, ಇಲ್ಲದಿದ್ದರೆ ಅಲ್ಲ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಇದ್ದದ್ದೇ ನಮ್ಮ ಮನೆಯಲ್ಲಿ ಗಟ್ಟಿಯಾದ ಕಾನೂನು.

ಮಾದೇವಿ ಅತ್ತೆ ಅಪ್ಪನ ತಂಗಿ. ಮುಳ್ಳೂರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಹೊಡೆಯಲಿಲ್ಲ, ಬಯ್ಯಲಿಲ್ಲ. ಒಂದು ದಿನ ಬಸ್ಸು ಹತ್ತಿಸಿ, ಸ್ವಲ್ಪ ದಿವಸ ತೌರಿನಲ್ಲಿರು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ಬರಲಿಲ್ಲ. ಅಂಗಡಿಯ ಮುಂದೆ ಬಸ್ಸು ನಿಂತಾಗಲೆಲ್ಲ ಅಜ್ಜಿ ಕತ್ತು ಚಾಚಿ ನೋಡುತ್ತಿದ್ದಳು, ಅತ್ತೆ ನೋಡುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅವಳಿಗೆ ಇದ್ದ ಚಿಂತೆ ಬೇರೆ. ಗಂಡ ಕರೆಯದೆ ಹೋದರೆ ಈ ಮನೆ ತನ್ನನ್ನು ಮಗಳಾಗಿ ಇಟ್ಟುಕೊಳ್ಳುತ್ತದೋ ಇಲ್ಲವೋ ಎಂಬುದು. ಅದಕ್ಕೇ ಎಲ್ಲರಿಗಿಂತ ಮೊದಲು ಏಳುವಳು, ಎಲ್ಲರ ಕೊನೆಗೆ ಉಣ್ಣುವಳು, ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುವ ಕೆಲಸ ಪೂರ್ತಿ ಅವಳೇ ಮಾಡುವಳು. ಸಂಜೆ ತನ್ನ ಲೋಟ ತಾನೇ ಬೆಳಗಿ, ಬಳ್ಳಿ ಕಾಣುವ ಹಾಗೆ ತಿರುಗಿಸಿ ಹಲಗೆಯ ಮೇಲೆ ಇಡುವಳು.

ಮನೆ ಇರುವುದು ಹನೂರಿನ ಅಂಚಿನಲ್ಲಿ, ರಸ್ತೆ ಕವಲೊಡೆಯುವ ಕಡೆ. ಒಂದು ದಾರಿ ಮಾದೇಶ್ವರನ ಬೆಟ್ಟಕ್ಕೆ, ಇನ್ನೊಂದು ಒಡೆಯರಪಾಳ್ಯಕ್ಕೆ. ಮುಂದುಗಡೆ ಅಪ್ಪನ ಟೀ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಹುಳದ ಮನೆ, ಅದಕ್ಕೆ ಅಂಟಿಕೊಂಡಂತೆ ಸೊಪ್ಪಿನ ಕೋಣೆ. ಅಂಗಡಿಯ ಒಳಗೆ ಬೆಂಚಿನ ಮೇಲೆ ಕೂರುವವರಿಗೆ ಗಾಜಿನ ಲೋಟ. ಪಕ್ಕದ ಹೊಂಗೆಮರಕ್ಕೆ ಮೊಳೆ ಹೊಡೆದು ತೆಂಗಿನ ಚಿಪ್ಪುಗಳನ್ನು ತಗುಲಿಹಾಕಿದ್ದರು. ಅವು ಊರಾಚೆಯ ಕಾಲೋನಿಯವರಿಗೆ. ಅವರೇ ಚಿಪ್ಪು ತೆಗೆದುಕೊಂಡು, ಹಿಡಿದು, ಅಪ್ಪ ಎತ್ತರದಿಂದ ಹುಯ್ದದ್ದನ್ನು ಕುಡಿದು, ತೊಳೆದು, ಮತ್ತೆ ಮೊಳೆಗೆ ಸಿಕ್ಕಿಸಿ ಹೋಗಬೇಕು. ದಿನಾ ನೋಡುತ್ತಿದ್ದೆ. ಆಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಈಗ ದೊಡ್ಡ ಮಾತು ಆಡಿ ಏನು ಮಾಡಲಿ. ನಮ್ಮದು ಲಿಂಗ ಕಟ್ಟಿದ ಮನೆ, ಅವರದು ಅಲ್ಲ; ಮಳೆ ಮೇಲಿಂದ ಬೀಳುತ್ತದೆ ಅನ್ನುವ ಹಾಗೆ ಅದೂ ಇತ್ತು.

ಒಡೆಯರಪಾಳ್ಯದ ಕಡೆ ಕಾಡು ಸವರಿ ಟಿಬೇಟಿನವರಿಗೆ ಮನೆ ಹಾಕಿಕೊಟ್ಟ ಕಾಲ ಅದು. ಅವರು ಆ ದಾರಿಯಲ್ಲಿ ಬಂದುಹೋಗುವುದನ್ನು ನಾವು ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಒಂದು ದಿನ ಒಬ್ಬ ಮುದುಕ ನಮ್ಮ ಅಂಗಡಿಗೇ ಬಂದ. ಮಾಸಲು ಕೆಂಪು ಬಣ್ಣದ ಉದ್ದ ಅಂಗಿ, ಕೈಯಲ್ಲಿ ಜಪದ ಸರ, ತುಟಿ ಸದಾ ಅಲ್ಲಾಡುತ್ತಿತ್ತು. ಅಪ್ಪ ಗಾಜಿನ ಲೋಟಕ್ಕೆ ಟೀ ಹುಯ್ಯಲು ಹೋದ. ಮುದುಕ ಬೇಡವೆಂದು ಕೈ ಆಡಿಸಿ, ಅಂಗಿಯ ಎದೆಯೊಳಗೆ ಕೈಬಿಟ್ಟು, ಬಟ್ಟೆಯಲ್ಲಿ ಸುತ್ತಿದ್ದ ಒಂದು ಮರದ ಬಟ್ಟಲು ತೆಗೆದು, ಒರೆಸಿ, ಮುಂದೆ ಹಿಡಿದ. ಅಪ್ಪನಿಗೆ ಇದರ ಅರ್ಥ ಒಂದೇ. ತನ್ನ ಪಾತ್ರೆ ತಾನೇ ತಂದಿದ್ದಾನೆ ಅಂದರೆ ತನ್ನ ಜಾಗ ಅವನಿಗೆ ಗೊತ್ತಿದೆ.

"ಅತ್ಲಾಗ್ ಓಗಿ, ಆ ಮರದ್ ತಾವ. ಅಲ್ಲೇ ಉಯ್ತೀನಿ."

ಒಳಗಿನಿಂದ ಇದನ್ನು ಕಂಡ ಅಜ್ಜಿ ಹೊಸಿಲು ದಾಟಿ ಬಂದಳು.

"ಏ, ನಿಂಗೇನ್ ಕಣ್ಣೋಗದೇನ್ಲಾ? ಸಂಸಾರಸ್ತರ ಪಾತ್ರೆ ಮುಟ್ಟಲ್ಲ ಅವ್ರು, ಅದ್ಕೇ ಬಟ್ಲು ತಂದವ್ರೆ. ಬನ್ನಿ ಬುದ್ಧಿ, ಮ್ಯಾಕ್ ಬಂದು ಕೂತ್ಕಳಿ."

ಬುದ್ಧಿ ಎಂದರೆ ನಮ್ಮ ಕಡೆ ಮಠದ ಸ್ವಾಮಿಗಳನ್ನು ಕರೆಯುವುದು. ಬಟ್ಟಲು ಒಂದೇ. ಮಗ ನೋಡಿ ಕೀಳು ಅಂದ, ತಾಯಿ ನೋಡಿ ಮೇಲು ಅಂದಳು. ಮುದುಕ ಎರಡೂ ಅಲ್ಲ. ಅವರ ದೇಶದಲ್ಲಿ ಎಲ್ಲರೂ ಅವರವರ ಬಟ್ಟಲು ಅವರವರ ಎದೆಯೊಳಗೆ ಇಟ್ಟುಕೊಂಡು ತಿರುಗುತ್ತಾರೆ, ಅಷ್ಟೇ. ಅದು ನಮ್ಮ ತಲೆಗೆ ಹೋಗಲಿಲ್ಲ. ಜಾತಿಯ ಕಾರಣ ಇಲ್ಲದೆಯೂ ಒಬ್ಬ ಮನುಷ್ಯ ಬೇರೆ ಪಾತ್ರೆಯಲ್ಲಿ ಕುಡಿಯುತ್ತಾನೆ ಅನ್ನುವುದು ನಮ್ಮ ಊರಿಗೆ ಗೊತ್ತೇ ಇಲ್ಲದ ಸಂಗತಿ.

ಮುದುಕನ ಹೆಸರು ತಾಶಿ. ಮೊದಲು ಬೈಲಕುಪ್ಪೆಯಲ್ಲಿ ಇದ್ದು ಬಂದವನು, ಮುರುಕು ಕನ್ನಡ ಆಡುತ್ತಿದ್ದ. ಅಜ್ಜಿ ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದಾಗ ಅವನು ಗಾಬರಿಯಾದ.

"ನಾನು ಲಾಮಾ ಇಲ್ಲ ಅಮ್ಮ. ನಾನು ಟೀ ವ್ಯಾಪಾರ. ಕತ್ತೆ ಮೇಲೆ ಟೀ. ಚೀನಾ ಟೀ."

ಅಜ್ಜಿ ನಮ್ಮ ಕಡೆ ತಿರುಗಿ, ನೋಡಿದ್ರಾ ಎನ್ನುವ ಹಾಗೆ ಹುಬ್ಬು ಹಾರಿಸಿದಳು.

"ದೊಡ್ಡೋರು ಅಂಗೇ ಯೋಳದು. ನಾನ್ ಸ್ವಾಮಿ ಅಂತ ಬಡ್ಕಂಡ್ ತಿರುಗೋನು ಸ್ವಾಮಿ ಆಗಿರಾಕಿಲ್ಲ."

ಹೀಗೆ ಹೇಳಿಬಿಟ್ಟರೆ ಆ ಮುದುಕ ಮಾಡುವುದಾದರೂ ಏನು? ಬಂದಾಗಲೆಲ್ಲ ಜಗಲಿ ಹತ್ತಿದ. ಸೋಮವಾರದ ಸೋಮವಾರ ಬರತೊಡಗಿದ. ಅಪ್ಪನಿಗೂ ಒಳಗೊಳಗೆ ಭಯ ಹತ್ತಿ ಕೈಮುಗಿಯಲು ಶುರು ಮಾಡಿದ. ಮುದುಕ ಕುಡಿದು ಬಟ್ಟಲಲ್ಲಿ ಯಾವಾಗಲೂ ಸ್ವಲ್ಪ ಉಳಿಸುತ್ತಿದ್ದ, ಅವರಲ್ಲಿ ಅದು ರೂಢಿಯಂತೆ. ಉಳಿದದ್ದನ್ನು ಅಜ್ಜಿ ಅಂಗೈಗೆ ಹಾಕಿಸಿಕೊಂಡು, ಕಣ್ಣಿಗೆ ಒತ್ತಿಕೊಂಡು, ಹನಿ ಬಿಡದೆ ಕುಡಿಯುವಳು. ಎಂಜಲು ಅನ್ನಬಾರದು, ಪ್ರಸಾದ. ಆಮೇಲೆ ಬಟ್ಟಲನ್ನೇ ಅತ್ತೆಯ ಕೈಗೆ ಕೊಡುವಳು.

"ಕುಡಿ. ನಿನ್ ಅಣೇಬರ ಇದ್ರಿಂದಾದ್ರೂ ನೆಟ್ಟಗಾಯ್ತದಾ ನೋಡಮ."

ಅತ್ತೆ ಕುಡಿದಳು. ಪ್ರತಿ ಸೋಮವಾರ ಕುಡಿದಳು. ಮುದುಕ ನೋಡುತ್ತಾ ನಗುತ್ತಿದ್ದ. ಇವರಿಗೆ ನನ್ನ ಮೇಲೆ ಪ್ರೀತಿ ಎಂದುಕೊಂಡಿದ್ದನೋ ಏನೋ.

ಒಂದು ಸಲ ಅವನೇ ಟೀ ಮಾಡುತ್ತೇನೆ ಎಂದು ಇಟ್ಟಿಗೆಯಂಥ ಒಂದು ಕರಿ ತುಂಡು ತಂದ. ಅದು ಟೀ ಎಂದರೆ ನಾವು ನಂಬಲಿಲ್ಲ. ಚಾಕುವಿನಿಂದ ಕೆರೆದು, ಬಹಳ ಹೊತ್ತು ಕುದಿಸಿ, ಸೋಸಿ, ಉಪ್ಪು ಹಾಕಿ, ಅಜ್ಜಿಯ ಬೆಣ್ಣೆಯಲ್ಲಿ ಒಂದು ಉಂಡೆ ಕೇಳಿ ಹಾಕಿಕೊಂಡು, ಅಜ್ಜಿಯದೇ ಕಡೆಗೋಲಿನಿಂದ ಕಡೆದ. ನಾವು ಕಡೆದು ಬೆಣ್ಣೆ ತೆಗೆಯುತ್ತೇವೆ, ಅವನು ಕಡೆದು ಬೆಣ್ಣೆ ಸೇರಿಸುತ್ತಿದ್ದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಿದವಳಲ್ಲ, ಅದಕ್ಕೇ ನೆನಪಿದೆ. ನನಗೆ ಅದು ಟೀ ಅನ್ನಿಸಲಿಲ್ಲ, ಉಪ್ಪುಸಾರು ಅನ್ನಿಸಿತು. ಅತ್ತೆ ಮಾತ್ರ ಬಟ್ಟಲು ಬರಿದು ಮಾಡಿ, ಚೆನ್ನಾಗಿದೆ ಎಂದಳು. ಯಾವುದನ್ನಾದರೂ ಅವಳು ಚೆನ್ನಾಗಿದೆ ಎಂದದ್ದೂ ಅಪರೂಪ.

ಅವನ ಹತ್ತಿರ ಆರು ಚಿಕ್ಕ ಬಟ್ಟೆ ಚೀಲಗಳನ್ನು ಸುತ್ತಿಟ್ಟ ಒಂದು ಸುರುಳಿ ಇತ್ತು. ಕಾಲಿಂಪಾಂಗ್ ಎಂಬ ಊರಿನಲ್ಲಿ ಒಬ್ಬ ಚೀನಿಯವನ ಟೀ ಮಂಡಿಯಲ್ಲಿ ಇದ್ದನಂತೆ. ಗಿರಾಕಿಗಳಿಗೆ ತೋರಿಸಲು ಇಟ್ಟುಕೊಳ್ಳುತ್ತಿದ್ದ ಮಾದರಿ ಚೀಲಗಳು ಅವು. ಮಂಡಿ ಹೋಯಿತು, ಕತ್ತೆಗಳು ಹೋದವು, ದೇಶವೇ ಹೋಯಿತು, ಇವು ಉಳಿದವು. ಒಂದೊಂದರಲ್ಲೂ ಒಂದು ಮುಷ್ಟಿ ಹಳೆಯ ಎಲೆ. ಅತ್ತೆ ಜಗಲಿಯ ಕೆಳಗೆ ಕೂತು ಸೊಪ್ಪು ಹೆಚ್ಚುತ್ತಿದ್ದರೆ ಅವನು ಮೇಲೆ ಕೂತು ಒಂದೊಂದೇ ಚೀಲ ಬಿಚ್ಚಿ ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದ.

"ಒಂದೇ ಗಿಡ. ಒಂದೇ ಎಲೆ. ಆರು ಟೀ."

"ಒಂದೇ ಗಿಡದ್ದಾದ್ರೆ ಬಣ್ಣ ಯಾಕ್ ಬುದ್ಧಿ ಬ್ಯಾರೆ ಬ್ಯಾರೆ?"

"ಕಿತ್ತ ಮೇಲೆ. ಕಿತ್ತ ಮೇಲೆ ಏನು ಮಾಡುದು, ಅದು ಟೀ."

ಸೊಪ್ಪಿನ ವಿಚಾರ ಅತ್ತೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಅರ್ಧ ಹೇಳಿದರೆ ಇನ್ನರ್ಧ ಇವಳೇ ಹೇಳುವಳು. ಕಿತ್ತ ಎಲೆಯನ್ನು ತಡಮಾಡದೆ ಬಾಣಲೆಯಲ್ಲಿ ಹುರಿದರೆ ಹಸಿರು ಹಸಿರಾಗೇ ನಿಲ್ಲುತ್ತದೆ, ಅದು ಹಸಿರು ಟೀ. ಅದರಲ್ಲಿ ಲಾಂಗ್‌ಜಿಂಗ್ ಅನ್ನುವುದನ್ನು ಅಂಗೈಯಿಂದ ಬಿಸಿ ಬಾಣಲೆಗೆ ಒತ್ತಿ ಒತ್ತಿ ಚಪ್ಪಟೆ ಮಾಡುತ್ತಾರಂತೆ. ಬಿಲೋಚುನ್ ಅನ್ನುವುದು ಬಸವನಹುಳುವಿನ ಹಾಗೆ ಸುರುಳಿ. ಬಿಳಿ ಟೀಗೆ ಬಾಣಲೆಯೂ ಇಲ್ಲ, ತಿಕ್ಕುವುದೂ ಇಲ್ಲ, ಸುಮ್ಮನೆ ಬಾಡಲು ಬಿಟ್ಟು ಒಣಗಿಸುವುದು. ಅದರ ಬೆಳ್ಳಿಸೂಜಿ ಎಂಬ ಬಗೆಯಲ್ಲಿ ಎಲೆಯೇ ಇಲ್ಲ, ಬರೀ ಮೊಗ್ಗು, ರೇಷ್ಮೆಗೂಡಿನ ಮೇಲಿರುವ ನೂಲಿನಂಥ ಬಿಳಿ ರೋಮ. ಹಳದಿ ಟೀ ಹಸಿರಿನದೇ ದಾಯಾದಿ. ಹುರಿದ ಮೇಲೆ ಬಿಸಿ ಇರುವಾಗಲೇ ಸುತ್ತಿ ಕಟ್ಟಿ ಇಡುತ್ತಾರೆ. ರಾಗಿ ಮೊಳಕೆಗೆ ಬಟ್ಟೆ ಕಟ್ಟಿದಂಗೆ ಅನ್ನಿ, ಎಂದಳು ಅತ್ತೆ. ಕೆರೆಯ ನಡುಗಡ್ಡೆಯಲ್ಲಿ ಬೆಳೆಯುವ ಜುನ್‌ಶಾನ್ ಎಂಬ ಹಳದಿ ಟೀಯನ್ನು ಗಾಜಿನ ಲೋಟಕ್ಕೆ ಹಾಕಿದರೆ ಮೊಗ್ಗುಗಳು ನೆಟ್ಟಗೆ ನಿಂತು, ಮುಳುಗಿ, ಮತ್ತೆ ಏಳುತ್ತವಂತೆ. ಅದನ್ನು ನೋಡಬೇಕೆಂದು ನನಗೆ ಬಹಳ ಆಸೆಯಾಗಿತ್ತು.

ನಾಲ್ಕನೆಯದು ಊಲಾಂಗ್. ಬಿದಿರಿನ ತಟ್ಟೆಯಲ್ಲಿ ಎಲೆ ಕುಲುಕಿ ಕುಲುಕಿ ಅಂಚು ಜಜ್ಜಿಹೋಗಿ ಕೆಂಪಾಗಬೇಕು, ನಡುವೆ ಹಸಿರು ಉಳಿಯಬೇಕು, ಆಗ ಬೆಂಕಿಗೆ ಹಾಕಬೇಕು. ಅದರಲ್ಲಿ ತಿಯೆಗ್ವಾನ್‌ಯಿನ್ ಎಂದರೆ ಕಬ್ಬಿಣದ ದೇವಿ ಎಂದು ಅರ್ಥವಂತೆ. ದಾಹೊಂಗ್‌ಪಾವ್ ಬಂಡೆಗಳ ಸಂದಿನಲ್ಲಿ ಬೆಳೆಯುವುದು. ಪೂರ್ತಿ ಕೆಂಪಾಗಲು ಬಿಟ್ಟರೆ ಅದು ಕೆಂಪು ಟೀ. ಕೀಮುನ್ ಆ ಜಾತಿ, ದೇವದಾರಿನಂಥ ಮರದ ಹೊಗೆ ಕೊಟ್ಟ ಲಾಪ್ಸಂಗ್ ಕೂಡ ಆ ಜಾತಿ. ಅಪ್ಪ ಅಂಗಡಿಯಲ್ಲಿ ಮಾರುವ ಪುಡಿಯೂ ಅದರದೇ ದೂರದ ನೆಂಟ ಎಂದು ತಾಶಿ ಹೇಳಿದ, ಬೇಜಾರಿನಿಂದ. ಕೊನೆಯದು ಕಪ್ಪು. ಎಲೆಯನ್ನು ರಾಶಿ ಹಾಕಿ, ಹಸಿಯಲ್ಲೇ ಕಾವು ಬರಿಸಿ, ಕಪ್ಪಾದ ಮೇಲೆ ಒತ್ತಿ ಇಟ್ಟಿಗೆ ಮಾಡುವುದು. ಪುಅರ್ ಎಂಬ ಊರಿನದು ಹಳೆಯದಾದಷ್ಟೂ ಬೆಲೆ ಜಾಸ್ತಿ. ಇದನ್ನು ಕೇಳಿ ಅತ್ತೆ ಕುಡುಗೋಲು ಕೆಳಗಿಟ್ಟಳು.

"ರಾಶಿ ಆಕುದ್ರೆ ಸೊಪ್ಪು ಕಾವಾಗಿ ಕೆಟ್ಟೋಯ್ತದೆ ಬುದ್ಧಿ. ಉಳ ಮುಟ್ಟಲ್ಲ, ತಿಂದ್ರೆ ಸಾಯ್ತವೆ. ನಾವು ತಿಪ್ಪೆಗೆಸೀತೀವಿ."

"ಎಸೀಬೇಡಿ," ಎಂದು ತಾಶಿ ನಕ್ಕ. "ಕೆಟ್ಟುದು ಇಲ್ಲ. ಬೇರೆ ಆಯ್ತು."

ಆ ದಿನಗಳಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡು ಚೀಲ ಮೂಸಿ ಯಾವುದು ಯಾವುದೆಂದು ಹೇಳುವಳು. ತಪ್ಪಿದರೆ ನಾನು ಕೂಗುವೆ. ಬಾಯಿಗೆ ಬಿದ್ದದ್ದು ಮಾತ್ರ ಆ ಕರಿ ಇಟ್ಟಿಗೆಯ ಟೀ ಒಂದೇ. ಉಳಿದ ಐದನ್ನು ಅವನು ಕುದಿಸಲೇ ಇಲ್ಲ, ಕುದಿಸಿದರೆ ಚೀಲ ಬರಿದಾಗುತ್ತಿತ್ತು.

ಶಿವರಾತ್ರಿಯ ಮುಂಚೆ ಅಜ್ಜಿಗೆ ಬುದ್ಧಿಯವರ ಮಠ ನೋಡಬೇಕು ಎಂಬ ಹಟ ಬಂತು. ಅಲ್ಲಿ ಅಡ್ಡಬಿದ್ದು ಕೇಳಿಕೊಂಡರೆ ಮುಳ್ಳೂರಿನವನು ಬರುತ್ತಾನೆ ಎಂದು ಅವಳ ಲೆಕ್ಕ. ತೆಂಗಿನಕಾಯಿ, ಬಾಳೆಹಣ್ಣು, ಒಂದು ಡಬ್ಬಿ ಬೆಣ್ಣೆ ತೆಗೆದುಕೊಂಡು ಅತ್ತೆಯನ್ನೂ ನನ್ನನ್ನೂ ಒಡೆಯರಪಾಳ್ಯದ ಬಸ್ಸಿಗೆ ಹತ್ತಿಸಿದಳು. ಸಾಲುಮನೆಗಳು, ಮೇಲೆ ಬಣ್ಣ ಬಣ್ಣದ ಬಟ್ಟೆಯ ತೋರಣ, ಮುಂದೆ ಜೋಳದ ಹೊಲ. ತಾಶಿ ನಮ್ಮನ್ನು ಕಂಡು ಮಗುವಿನ ಹಾಗೆ ಕುಣಿದ. ಒಳಗಿನಿಂದ ಒಬ್ಬ ಮುದುಕಿ ಬಂದು ಕೈಮುಗಿದಳು. ಹೆಂಡತಿ ಎಂದ. ಅಜ್ಜಿಯ ಮುಖ ಸ್ವಲ್ಪ ಪೆಚ್ಚಾಯಿತು, ಆದರೆ ಸುಧಾರಿಸಿಕೊಂಡಳು.

"ಇರ್ಲಿ, ಸಂಸಾರ ಮಾಡೋ ಅಯ್ನೋರೂ ಅವ್ರೆ ನಮ್ಮಲ್ಲಿ," ಎಂದು ಅತ್ತೆಯ ಕಿವಿಯಲ್ಲಿ ಹೇಳಿದಳು.

ಒಲೆಯ ಮೇಲುಗಡೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದ್ದರು. ಅದರ ಮೇಲೆ ಉದ್ದುದ್ದ ಸೀಳಿದ, ಒಣಗಿ ಕಪ್ಪಾದ ಏನೋ ನೇತಾಡುತ್ತಿತ್ತು. ಅಜ್ಜಿ ಮಾತಿಗೆ ಮಾತು ಬೇಕಲ್ಲ ಎಂದು ಕೇಳಿದಳು.

"ಅದೇನ್ ಬುದ್ಧಿ, ಬಾಳಕವಾ?"

"ಮಾಂಸ," ಎಂದ ತಾಶಿ. ಮುಚ್ಚಿಡಬೇಕೆಂದು ಅವನಿಗೇನು ಗೊತ್ತು? "ಒಣಗಿಸುದು. ಚಳಿಗೆ ಒಳ್ಳೇದು."

"ಯಾತರದು?"

ಅವನಿಗೆ ಕನ್ನಡದ ಮಾತು ಸಿಗಲಿಲ್ಲ. ಸುತ್ತ ನೋಡಿ, ಕಿಟಕಿಯಾಚೆ ಹೊಲದ ಬದುವಿನಲ್ಲಿ ಕರುವಿನ ಜೊತೆ ಮೇಯುತ್ತಿದ್ದ ಹಸುವಿನ ಕಡೆ ಬೆರಳು ತೋರಿಸಿದ.

ಅಜ್ಜಿ ಎದ್ದಳು. ಕಾಯಿ ಹಣ್ಣು ಅಲ್ಲೇ ಇಟ್ಟಳು. ಬೆಣ್ಣೆ ಡಬ್ಬಿ ಎತ್ತಿಕೊಂಡಳು, ಮತ್ತೆ ಅದನ್ನೂ ಇಟ್ಟಳು. ಹೊರಗೆ ಬಂದು ಬಸ್ಸಿಗೆ ನಿಂತಳು. ಮುದುಕಿ ಟೀ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ಬಸ್ಸಿನಲ್ಲಿ ಅತ್ತೆ ಪಕ್ಕದಲ್ಲಿ ಕೂತ ತಕ್ಷಣ ಅಜ್ಜಿ ಎದ್ದು ಮುಂದಿನ ಸೀಟಿಗೆ ಹೋದಳು.

"ಇತ್ಲಾಗ್ ಬಾ ಕೂಸೇ," ಎಂದು ನನ್ನನ್ನು ಕರೆದಳು. ಅತ್ತೆಯನ್ನು ಕರೆಯಲಿಲ್ಲ.

ಮನೆಗೆ ಬಂದು ಬಾವಿಯ ಹತ್ತಿರ ಉಟ್ಟ ಬಟ್ಟೆಯಲ್ಲೇ ನೀರು ಹುಯ್ದುಕೊಂಡಳು. ಲಿಂಗ ತೊಳೆದಳು. ಮೈತುಂಬ ವಿಭೂತಿ ಬಳಿದುಕೊಂಡು ಬಂದು ನಡುಮನೆಯಲ್ಲಿ ಕೂತು ಅಪ್ಪನಿಗೆ ಹೇಳಿದಳು.

"ಅವ್ರು ದನ ತಿನ್ನೋರು ಕನ. ನಿನ್ ತಂಗಿ ಅವನ್ ಬಟ್ಲಿಗೆ ಬಾಯಿಟ್ಟು ಕುಡ್ದವಳೆ."

ಅತ್ತೆ ಹೊಸಿಲ ಹೊರಗೆ ನಿಂತಿದ್ದಳು, ಒಳಗೆ ಬಾ ಎಂದು ಯಾರೂ ಹೇಳಿರಲಿಲ್ಲ.

"ಅವ್ವ, ನೀನೇ ತಾನೇ ಕೊಟ್ಟಿದ್ದು?"

"ನಾ ಕೊಟ್ಟದ್ದು ಕಣ್ಗೊತ್ಕಳಕೆ. ಕುಡೀ ಅಂದ್ನಾ ನಾನು?"

"ನೀನೂ ಕುಡ್ದೆ ಕನಜ್ಜಿ," ಎಂದೆ ನಾನು. "ಅಂಗೈ ನೆಕ್ಕುದ್ಯಲ್ಲ."

ಕೆನ್ನೆಗೆ ಬಿತ್ತು. ಹೊಡೆದದ್ದು ಅಪ್ಪ, ಅಜ್ಜಿಯಲ್ಲ. ಅವನಿಗೆ ಎಲ್ಲ ಗೊತ್ತಿತ್ತು. ಅಂಗಡಿಯಿಂದ ಜಗಲಿ ಚೆನ್ನಾಗಿ ಕಾಣುತ್ತದೆ. ಆದರೆ ಅಜ್ಜಿಯೂ ಕೆಟ್ಟಳು ಎಂದರೆ ಪೂಜೆ ಮಾಡುವವರು ಯಾರು, ಒಲೆ ಮುಟ್ಟುವವರು ಯಾರು, ನಾಳೆ ನಮ್ಮ ಅಂಗಡಿಯಲ್ಲಿ ಟೀ ಕುಡಿಯುವವರು ಯಾರು? ಯಾರೋ ಒಬ್ಬರು ಕೆಡಬೇಕಾಗಿತ್ತು. ಆಗಲೇ ಅರ್ಧ ಹೊರಗಿದ್ದವಳನ್ನು ಪೂರ್ತಿ ಹೊರಗೆ ಹಾಕುವುದು ಸುಲಭ. ಇಷ್ಟೇ ವಿಷಯ. ನಮ್ಮವರು ಕ್ರೂರಿಗಳಲ್ಲ. ಸುಲಭವಾದದ್ದನ್ನು ಮಾಡಿದರು.

ಮಾರನೆಯ ದಿನ ಹಲಗೆಯ ಮೇಲೆ ಅತ್ತೆಯ ಲೋಟ ಇರಲಿಲ್ಲ. ಕೆಲವು ದಿನ ಅಲ್ಲಿ ಜಾಗ ಖಾಲಿ ಇತ್ತು, ಆಮೇಲೆ ಅವ್ವ ಉಳಿದ ಲೋಟಗಳನ್ನು ಸರಿಸಿ ಇಟ್ಟಳು.

"ಅವ್ವ, ನನ್ ಲೋಟ?" ಎಂದು ಅತ್ತೆ ಬಾಗಿಲಾಚೆಯಿಂದ ಕೇಳಿದಳು. ಒಂದೇ ಸಲ ಕೇಳಿದ್ದು.

"ಅದ್ನ ತೊಳ್ದು ಸುದ್ದ ಮಾಡಕಾಗಲ್ಲ," ಎಂದಳು ಅಜ್ಜಿ. ಪಾತ್ರೆ ಮಾರುವವನಿಗೆ ಕೊಟ್ಟು ಒಂದು ಸೌಟು ತೆಗೆದುಕೊಂಡಿದ್ದಳೆಂದು ಆಮೇಲೆ ತಿಳಿಯಿತು. ಅಪ್ಪ ಅಂಗಡಿಯ ಮರದಿಂದ ಒಂದು ಚಿಪ್ಪು ತಂದು ಸೊಪ್ಪಿನ ಕೋಣೆಯ ಬಾಗಿಲ ಪಕ್ಕ ಮೊಳೆ ಹೊಡೆದು ತಗುಲಿಹಾಕಿದ. ಅತ್ತೆಯ ಚಾಪೆಯೂ ಅಲ್ಲಿಗೇ ಹೋಯಿತು. ಬೆಳಿಗ್ಗೆ ಅವ್ವ ಟೀ ಪಾತ್ರೆ ಹಿಡಿದು ಹೋಗುವಳು, ಅತ್ತೆ ಚಿಪ್ಪು ಹಿಡಿಯುವಳು, ಅವ್ವ ಎತ್ತರದಿಂದ ಹುಯ್ಯುವಳು. ಅವ್ವ ಒಳ್ಳೆಯವಳು. ಒಂದು ಹನಿಯೂ ಸಿಡಿಯದ ಹಾಗೆ ಹುಯ್ಯಲು ಕಲಿತಳು. ಅದಕ್ಕಿಂತ ಹೆಚ್ಚಿನದೇನನ್ನೂ ಅವಳು ಮಾಡಲಿಲ್ಲ.

ಸೊಪ್ಪಿನ ಕೋಣೆ ಸದಾ ಥಂಡಿ. ಸೊಪ್ಪು ಬಾಡಬಾರದೆಂದು ಒದ್ದೆ ಗೋಣಿ ಹೊದಿಸಿರುತ್ತಾರೆ, ನೆಲ ಯಾವಾಗಲೂ ಹಸಿ. ಅತ್ತೆ ಅಲ್ಲೇ ಮಲಗಿ, ಅಲ್ಲೇ ಸೊಪ್ಪು ಹೆಚ್ಚಿದಳು. ಅವಳು ಮುಟ್ಟಿದ ಲೋಟ ಮೈಲಿಗೆ. ಅವಳು ಹೆಚ್ಚಿದ ಸೊಪ್ಪು ಮೈಲಿಗೆಯಲ್ಲ. ಹುಳ ತಿಂದವು, ಪೊರೆ ಬಿಡಲು ಜ್ವರಕ್ಕೆ ಕೂತು ಎದ್ದವು, ಗೂಡು ಕಟ್ಟಿದವು. ಅಪ್ಪ ಗೂಡುಗಳನ್ನು ಕೊಳ್ಳೇಗಾಲಕ್ಕೆ ಹಾಕಿ ಬಂದ. ಆ ರೇಷ್ಮೆಯಲ್ಲಿ ಯಾರ ಮದುವೆಗೆ ಸೀರೆಯಾಯಿತೋ, ಯಾವ ದೇವರಿಗೆ ಉಡಿಸಿದರೋ, ನಮಗೇನು ಗೊತ್ತು. ಅಷ್ಟರಲ್ಲಿ ಮುಳ್ಳೂರಿಗೂ ಸುದ್ದಿ ಮುಟ್ಟಿತ್ತು. ಕಾರಣ ಹುಡುಕುತ್ತಿದ್ದವನಿಗೆ ಕಾರಣ ಸಿಕ್ಕಿತು. ಇನ್ನೊಂದು ಮದುವೆಯಾದ.

ತಾಶಿ ಇನ್ನೊಂದೇ ಸಲ ಬಂದದ್ದು. ಜಗಲಿ ಹತ್ತಲು ಹೋದಾಗ ಅಪ್ಪ ಮರದ ಕಡೆ ಕೈ ತೋರಿಸಿದ. ಮುದುಕ ಅಲ್ಲಿ ಹೋಗಿ ನಿಂತು, ಬಟ್ಟಲು ಹಿಡಿದು, ಎತ್ತರದಿಂದ ಬಿದ್ದ ಟೀ ಕುಡಿದ. ಮಾದೇವಿ ಎಲ್ಲಿ ಎಂದ. ಅಪ್ಪ ಒಲೆಯ ಕಡೆ ತಿರುಗಿಕೊಂಡ. ಮುದುಕ ಮನೆಯ ಪಕ್ಕದಿಂದ ಹಿತ್ತಿಲಿಗೆ ಬಂದ. ಅತ್ತೆ ಸೊಪ್ಪಿನ ಕೋಣೆಯ ಬಾಗಿಲಲ್ಲಿ ಕೂತು ಟೀ ಕುಡಿಯುತ್ತಿದ್ದಳು. ನಾನು ಅಲ್ಲೇ ಇದ್ದೆ. ಅವನು ಅವಳ ಕೈಯಲ್ಲಿದ್ದ ಚಿಪ್ಪು ನೋಡಿದ, ಗೋಡೆಯ ಮೊಳೆ ನೋಡಿದ. ಮುಖ ಅರಳಿತು.

"ಒಳ್ಳೇದು! ನಿಂದು ಬಟ್ಟಲು! ನಿಂದೇ?"

ಅವರ ದೇಶದಲ್ಲಿ ಒಬ್ಬರಿಗೆ ಸ್ವಂತ ಬಟ್ಟಲು ಇದ್ದರೆ ಅದು ಮರ್ಯಾದೆ. ಅತ್ತೆ ಚಿಪ್ಪನ್ನು ಅವನಿಗೆ ಕಾಣುವ ಹಾಗೆ ಎತ್ತಿ ಹಿಡಿದಳು.

"ಊಂ ಬುದ್ಧಿ. ನಂದೇ. ಇನ್ಯಾರೂ ಮುಟ್ಟಂಗಿಲ್ಲ."

ಅವನು ಖುಷಿಯಿಂದ ಎದೆಯೊಳಗೆ ಕೈಹಾಕಿ ಆರು ಚೀಲಗಳ ಸುರುಳಿ ತೆಗೆದು ಅವಳ ಮಡಿಲಿಗೆ ಹಾಕಿದ. ಬಟ್ಟಲು ಇದ್ದವರಿಗೆ ಟೀ ಬೇಕಲ್ಲ. ಆಮೇಲೆ ಅವನು ಕಾಣಲಿಲ್ಲ. ಬೈಲಕುಪ್ಪೆಗೆ ವಾಪಸ್ಸು ಹೋದ ಎಂದರು, ಸತ್ತ ಎಂದರು. ನಾವು ಹೋಗಿ ಕೇಳಲಿಲ್ಲ.

ಸುರುಳಿಯನ್ನು ಅತ್ತೆ ಸೂರಿನ ಬಿದಿರಿಗೆ ಸಿಕ್ಕಿಸಿದ್ದಳು. ನಾನು ಕದ್ದು ಹೋದಾಗ ಇಳಿಸಿ ಮೂಸಲು ಕೊಡುವಳು. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಹುಳದ ಮನೆಗೂ ಸೊಪ್ಪಿನ ಕೋಣೆಗೂ ರೋಗ ತಗುಲದಿರಲೆಂದು ಫಾರ್ಮಲಿನ್ ಹೊಡೆಯುತ್ತಾರೆ, ಕಣ್ಣು ಮೂಗು ಉರಿಯುವ ನೀರು. ಒಂದು ಸಲ ಚೀಲಗಳನ್ನು ಹೊರಗೆ ತೆಗೆಯುವುದನ್ನು ಅವಳು ಮರೆತಳು. ಆಮೇಲೆ ಹಸಿರೂ ಕೆಂಪೂ ಕಪ್ಪೂ ಎಲ್ಲವೂ ಒಂದೇ ಥರ ನಾರುತ್ತಿದ್ದವು. ಆದರೂ ಅವಳು ಕಣ್ಣು ಮುಚ್ಚಿ ಮೂಸಿ ಹೆಸರು ಹೇಳುವಳು. ತಪ್ಪೋ ಸರಿಯೋ ಹೇಳಲು ನನಗಾಗಲಿ ಅವಳಿಗಾಗಲಿ ದಾರಿ ಇರಲಿಲ್ಲ. ಆಮೇಲೆ ಆ ಆಟವೂ ನಿಂತಿತು.

ನಾನು ದೊಡ್ಡವಳಾಗುವ ಹೊತ್ತಿಗೆ ಕಾಲೋನಿಯ ಹುಡುಗರು ಒಂದು ದಿನ ಗುಂಪಾಗಿ ಬಂದು ಅಂಗಡಿಯ ಬೆಂಚಿನ ಮೇಲೆ ಕೂತರು. ಗಾಜಿನ ಲೋಟದಲ್ಲೇ ಕೊಡು, ಇಲ್ಲದಿದ್ದರೆ ಪೊಲೀಸಿಗೆ ಹೇಳುತ್ತೇವೆ ಎಂದರು. ಅಪ್ಪ ಕೊಟ್ಟ. ಅವತ್ತೇ ಮರದ ಚಿಪ್ಪುಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದ. ಚಿಪ್ಪು ಚೆನ್ನಾಗಿ ಉರಿಯುತ್ತದೆ. ನಾನು ಓಡಿಬಂದು ಅಜ್ಜಿಗೆ ಹೇಳಿದೆ.

"ಅಜ್ಜಿ, ಚಿಪ್ಪೆಲ್ಲ ಸುಟ್ಟಾಯ್ತು. ಅತ್ತೇದೂ ತಕ್ಕೊಂಡೋಗಿ ಆಕ್ಲಾ?"

"ಅದು ಅಂಗಡಿ," ಎಂದಳು ಅಜ್ಜಿ. "ಇದು ಮನೆ."

ಹೊರಗಿನವರಿಗೆ ಜಗಳ ಮಾಡಲು ಹತ್ತು ಜನ ಇದ್ದರು. ಅತ್ತೆಗೆ ನಾನೊಬ್ಬಳು, ನನಗೆ ಆಗಲೇ ಏಟು ತಿಂದ ಒಂದು ಕೆನ್ನೆ. ಊರಿನ ಅಂಗಡಿಯಿಂದ ಚಿಪ್ಪು ಹೋಯಿತು, ನಮ್ಮ ಮನೆಯಲ್ಲಿ ಒಂದು ಉಳಿಯಿತು.

ನಮ್ಮಲ್ಲಿ ಗಂಡುಮಕ್ಕಳಿಲ್ಲದ್ದರಿಂದ ನನ್ನ ಗಂಡ ಮನೆ ಅಳಿಯನಾಗಿ ಬಂದ, ನಾನು ಇದೇ ಮನೆಯಲ್ಲಿ ಉಳಿದೆ. ಅಜ್ಜಿ ಸತ್ತಳು. ಅಪ್ಪ, ಅವ್ವ ಹೋದರು. ಅಡುಗೆಕೋಣೆ ನನ್ನ ಕೈಗೆ ಬಂದ ದಿನವೇ ನಾನು ಒಂದು ಸ್ಟೀಲ್ ಲೋಟದಲ್ಲಿ ಟೀ ತುಂಬಿಕೊಂಡು ಸೊಪ್ಪಿನ ಕೋಣೆಗೆ ಹೋದೆ. ಅತ್ತೆಗೆ ಆಗ ತಲೆಯೆಲ್ಲ ಬೆಳ್ಳಗಾಗಿತ್ತು, ಕೆಮ್ಮು ಹತ್ತಿತ್ತು. ಲೋಟ ಹಿಡಿದಳು, ತಕ್ಷಣ ನೆಲಕ್ಕೆ ಇಟ್ಟಳು.

"ಸುಡ್ತದೆ ಕನವ್ವ."

"ಸೆರಗಲ್ಲಿ ಇಡ್ಕೊ ಅತ್ತೆ. ಒಳಕ್ ಬಾ, ಒಲೆ ಮುಂದೆ ಕೂತ್ಕ. ಈಗ ಬ್ಯಾಡ ಅನ್ನೋರು ಯಾರವ್ರೆ?"

"ಬುಡು. ಚಿಪ್ಪಾದ್ರೆ ಕೈ ಸುಡಲ್ಲ. ಅದ್ರಲ್ಲೇ ಉಯ್ಯಿ."

ನಾನು ಬಗ್ಗಿ ಚಿಪ್ಪಿಗೆ ಹುಯ್ಯಲು ಹೋದರೆ ಅವಳು ಚಿಪ್ಪನ್ನು ಕೆಳಗೆ ಎಳೆದುಕೊಂಡಳು. ನಾನು ಹತ್ತಿರ ಬಂದಷ್ಟೂ ಅವಳ ಕೈ ತಾನಾಗಿ ಕೆಳಗೆ ಹೋಗುತ್ತಿತ್ತು. ಕೊನೆಗೆ ನೆಟ್ಟಗೆ ನಿಂತು ಎತ್ತರದಿಂದಲೇ ಹುಯ್ದೆ. ಅವಳು ಸಾಯುವವರೆಗೆ ಹಾಗೇ ಹುಯ್ದೆ. ಒಂದು ಬೆಳಿಗ್ಗೆ ಹೋದಾಗ ಚಿಪ್ಪು ಮೊಳೆಯಲ್ಲೇ ಇತ್ತು, ಅವಳು ಏಳಲಿಲ್ಲ. ಮಣ್ಣು ಮಾಡುವಾಗ ಚೀಲಗಳ ಸುರುಳಿಯನ್ನೂ ಜೊತೆಗೆ ಹಾಕೋಣವೆಂದು ಸೂರಿಗೆ ಕೈಹಾಕಿದೆ. ಇಲಿ ಕಡಿದು ಪುಡಿಯಾಗಿತ್ತು.

ಹಿರಿಯರಿಗೆ ಎಡೆ ಇಡುವ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ನಡುಮನೆಯಲ್ಲಿ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ಅವರು ಬಂದು ಉಂಡು ಹೋಗಲಿ ಎಂದು. ಅತ್ತೆಗೆಂದು ನನ್ನ ಗಂಡ ಒಂದು ಹೊಸ ಹಿತ್ತಾಳೆ ಲೋಟ ತಂದಿಟ್ಟಿದ್ದಾನೆ, ಸುತ್ತ ಬಳ್ಳಿ ಕೆತ್ತಿದ್ದು, ನಾನು ಹೇಳಿದ್ದಕ್ಕೆ ಹುಡುಕಿ ತಂದದ್ದು. ಪ್ರತಿ ವರ್ಷ ಅದರಲ್ಲಿ ಟೀ ಇಡುತ್ತೇವೆ. ಈ ಸಲ ಮೊಮ್ಮಗಳು ಫೋನಿನಲ್ಲಿ ತರಿಸಿದ ಒಂದು ಡಬ್ಬಿ ಹಿಡಿದು ಬಂದಳು. ಒಳಗೆ ಆರು ಪೊಟ್ಟಣ. ಹೊಟ್ಟೆ ಕರಗುತ್ತದೆಂದು ಅವಳು ಹಸಿರು ಟೀ ಕುಡಿಯುತ್ತಾಳೆ. ಒಂದೊಂದನ್ನೂ ನನ್ನ ಮೂಗಿಗೆ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡು ಹಸಿರು, ಬಿಳಿ, ಹಳದಿ, ಊಲಾಂಗ್, ಕೆಂಪು, ಕಪ್ಪು ಎಂದೆ. ಅವಳಿಗೆ ಆಶ್ಚರ್ಯ.

"ಅಜ್ಜಿ, ನಿಂಗೆಂಗ್ ಗೊತ್ತು? ಸರಿ, ಇದ್ರಲ್ಲಿ ಯಾವ್ದು ಮಾಡ್ಲಿ ಮಾದೇವಜ್ಜಿಗೆ?"

"ಯಾವ್ದಾದ್ರೂ ಮಾಡು."

ಅವಳು ಹಳದಿ ಟೀ ಮಾಡಿದಳು. ಗಾಜಿನ ಲೋಟವಲ್ಲ, ಹಿತ್ತಾಳೆಯದು. ಮೊಗ್ಗು ನಿಂತವೋ ಮುಳುಗಿದವೋ ಕಾಣಲಿಲ್ಲ. ಬಾಗಿಲು ಎಳೆದುಕೊಂಡು ನಾವೆಲ್ಲ ಬಿಸಿಲಲ್ಲಿ ನಿಂತೆವು. ವರ್ಷಕ್ಕೆ ಒಂದು ದಿನ ಅವಳು ಒಳಗೆ, ನಾವು ಹೊರಗೆ. ಬಾಗಿಲು ತೆಗೆದಾಗ ಟೀ ಇಟ್ಟಷ್ಟೇ ಇತ್ತು, ಆರಿತ್ತು. ಎಡೆಯದನ್ನು ಚೆಲ್ಲಬಾರದು. ಅಂಗೈಗೆ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡು, ಕಣ್ಣಿಗೆ ಒತ್ತಿಕೊಂಡು, ಎಲ್ಲರೂ ಕುಡಿದೆವು. ಆಮೇಲೆ ಮೊಮ್ಮಗಳು ಆ ಲೋಟವನ್ನು ತೊಳೆದು, ಹಲಗೆಯ ಮೇಲೆ ನಮ್ಮ ಲೋಟಗಳ ಸಾಲಿನಲ್ಲೇ ಬೋರಲು ಹಾಕಿದಳು. ಅತ್ತೆಯ ಬಾಯಿ ಅದನ್ನು ಒಂದು ಸಲವೂ ಮುಟ್ಟಿಲ್ಲ.